ಚುಚ್ಚುಮದ್ದಿನ ನಂತರ ಏರಿದ ಪಿಟಿಎಚ್

ಅಮ್ಮನ ಬೆನ್ನುಮೂಳೆಯ ಒಂದು ಕಶೇರು ಕುಸಿದಿರುವುದು ಎಕ್ಸ್‌ರೇಯಲ್ಲಿ ಕಂಡುಬಂದ ಮೇಲೆ ವೈದ್ಯರು ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದನ್ನು ಆರಂಭಿಸಿದರು. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ, ಚರ್ಮದ ಅಡಿಗೆ. ಮೊದಲ ಚುಚ್ಚುಮದ್ದಾಗಿ ಐದು ವಾರ ಕಳೆದಿದ್ದಾಗ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು, ಅಂದರೆ ಪಿಟಿಎಚ್, 94 ಎಂದು ಬಂತು. ವರದಿಯಲ್ಲಿ ಅಚ್ಚಾಗಿದ್ದ ಮೇಲಿನ ಮಿತಿ 65. ಆ ಸಂಖ್ಯೆಯ ಪಕ್ಕದಲ್ಲಿದ್ದ ದಪ್ಪಕ್ಷರದ ಗುರುತನ್ನು ನೋಡಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮೂಳೆಗೆ ಕೊಟ್ಟ ಔಷಧ ಕುತ್ತಿಗೆಯ ಗ್ರಂಥಿಯನ್ನು ಕೆಡಿಸಿತೇ?"

ನಾನು ವೈದ್ಯಳಲ್ಲ, ಆದರೆ ಶರೀರಕ್ರಿಯಾಶಾಸ್ತ್ರವನ್ನು ಬಹಳ ವರ್ಷ ಬೋಧಿಸಿದವಳು. ಅಮ್ಮನ ಪ್ರಶ್ನೆಗೆ "ಇಲ್ಲ" ಎಂಬ ಒಂದು ಪದದ ಉತ್ತರ ಕೊಟ್ಟು ಸುಮ್ಮನಾಗಬಹುದಿತ್ತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ಆ ಪ್ರಶ್ನೆಯೊಳಗೆ ನಮ್ಮಲ್ಲಿ ಹೆಚ್ಚಿನವರು ಗಮನಿಸದ ಒಂದು ಸತ್ಯ ಅಡಗಿದೆ. ಆಸ್ಟಿಯೊಪೊರೋಸಿಸ್‌ಗೆ ಕೊಡುವ ಯಾವ ಔಷಧವೂ ಮೂಳೆಯನ್ನು ಮಾತ್ರ ಮುಟ್ಟಿ ನಿಲ್ಲುವುದಿಲ್ಲ. ಮೂಳೆಯ ಚಯಾಪಚಯವನ್ನು ನಡೆಸುವ ಹಾರ್ಮೋನುಗಳು ಪ್ರತಿಯೊಂದು ಔಷಧಕ್ಕೂ ತಮ್ಮದೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆ. ಆದ್ದರಿಂದ ಯಾವ ಔಷಧ, ಕೊಟ್ಟು ಎಷ್ಟು ದಿನವಾಯಿತು ಎಂಬುದನ್ನು ತಿಳಿಯದೆ ಪಿಟಿಎಚ್‌ನ ಸಂಖ್ಯೆಯೊಂದನ್ನೇ ಓದಿದರೆ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯೇ ಹೆಚ್ಚು.

ಮೊದಲು ಒಂದು ಪದದ ವಿಚಾರ. ಆಡುಮಾತಿನಲ್ಲಿ ಆಸ್ಟಿಯೊಪೊರೋಸಿಸ್ ಅನ್ನು "ಮೂಳೆ ಸವೆತ" ಎನ್ನುತ್ತೇವೆ. ಮಂಡಿಯ ಮೃದ್ವಸ್ಥಿ ಸವೆಯುವ ಸಂಧಿವಾತಕ್ಕೂ ಅದೇ ಮಾತನ್ನು ಬಳಸುತ್ತೇವೆ. ಎರಡೂ ಬೇರೆ ಬೇರೆ ಕಾಯಿಲೆಗಳು. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆ ಒಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ, ಮುರಿಯುವ ತನಕ ನೋವೇ ಇರುವುದಿಲ್ಲ. ಒಂದು ಕಾಯಿಲೆಯ ಔಷಧವನ್ನು ಇನ್ನೊಂದಕ್ಕೆ ಎಂದು ತಿಳಿದು, "ಮಂಡಿನೋವು ಕಡಿಮೆಯಾಗಲಿಲ್ಲ" ಎಂದು ಅರ್ಧಕ್ಕೇ ನಿಲ್ಲಿಸಿದವರನ್ನು ನಾನೇ ಕಂಡಿರುವುದರಿಂದ ಇದನ್ನು ಹೇಳಬೇಕೆನಿಸಿತು.

ದೇಹದಲ್ಲಿರುವ ಕ್ಯಾಲ್ಸಿಯಂನ ಸುಮಾರು 99 ಪ್ರತಿಶತ ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಅಲ್ಪ ಭಾಗವೇ ಹೃದಯದ ಬಡಿತಕ್ಕೂ ಸ್ನಾಯುಗಳ ಸಂಕೋಚನಕ್ಕೂ ನರಗಳ ಸಂದೇಶಕ್ಕೂ ಬೇಕಾದದ್ದು, ಆದ್ದರಿಂದ ರಕ್ತದ ಕ್ಯಾಲ್ಸಿಯಂ ಪ್ರತಿ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂನ ನಡುವೆಯೇ ಇರುವಂತೆ ದೇಹ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತದೆ. ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ರಕ್ತದ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ತಿಳಿಯುತ್ತದೆ. ತಿಳಿದ ಕೂಡಲೇ ಅವು ಪಿಟಿಎಚ್ ಅನ್ನು ಸ್ರವಿಸುತ್ತವೆ. ಪಿಟಿಎಚ್‌ಗೆ ಮೂರು ದಾರಿಗಳಿವೆ. ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸಿಕೊಳ್ಳುವುದು ಒಂದು; ಮೂತ್ರದಲ್ಲಿ ಹೋಗಬೇಕಿದ್ದ ಕ್ಯಾಲ್ಸಿಯಂ ಅನ್ನು ಮೂತ್ರಪಿಂಡದಲ್ಲೇ ತಡೆದು ಫಾಸ್ಫೇಟನ್ನು ಹೊರಗೆ ಕಳಿಸುವುದು ಇನ್ನೊಂದು; ಅದೇ ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ಹಾರ್ಮೋನಾಗಿ ಮಾರ್ಪಡಿಸಿ, ಅದರ ಮೂಲಕ ಕರುಳಿನಿಂದ ಹೆಚ್ಚು ಕ್ಯಾಲ್ಸಿಯಂ ಹೀರಿಸುವುದು ಮೂರನೆಯದು.

ಈಗ ಅಮ್ಮನ ಚುಚ್ಚುಮದ್ದಿಗೆ ಬರೋಣ. ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳು ಹುಟ್ಟಿ ಬೆಳೆಯಬೇಕಾದರೆ ರ್‍ಯಾಂಕ್‌-ಎಲ್ ಎಂಬ ಪ್ರೋಟೀನಿನ ಸಂದೇಶ ಬೇಕು. ಡೆನೊಸುಮ್ಯಾಬ್ ಆ ಪ್ರೋಟೀನನ್ನೇ ಹಿಡಿದಿಡುವ ಪ್ರತಿಕಾಯ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಮೂಳೆ ಕರಗುವಿಕೆಯನ್ನು ಅಳೆಯುವ ಸಿಟಿಎಕ್ಸ್ ಎಂಬ ಸೂಚಕ ಮೂರೇ ದಿನಗಳಲ್ಲಿ ಸುಮಾರು 85 ಪ್ರತಿಶತ ಇಳಿಯುವಷ್ಟು ಇದರ ಪರಿಣಾಮ ತೀವ್ರವಾದದ್ದು. ಕರಗುವಿಕೆ ಹೀಗೆ ಥಟ್ಟನೆ ನಿಂತರೂ ಅದಕ್ಕೆ ಮೊದಲೇ ಆಸ್ಟಿಯೊಕ್ಲಾಸ್ಟ್‌ಗಳು ತೋಡಿಟ್ಟ ಗುಳಿಗಳನ್ನು ತುಂಬುವ ಕೆಲಸ ವಾರಗಟ್ಟಲೆ ಮುಂದುವರಿಯುತ್ತದೆ; ಅಂದರೆ ಮೂಳೆಯಿಂದ ರಕ್ತಕ್ಕೆ ಬರುತ್ತಿದ್ದ ಕ್ಯಾಲ್ಸಿಯಂ ನಿಂತಿದೆ, ರಕ್ತದಿಂದ ಮೂಳೆಗೆ ಹೋಗುವುದು ನಿಂತಿಲ್ಲ. ರಕ್ತದ ಕ್ಯಾಲ್ಸಿಯಂ ಸ್ವಲ್ಪ ತಗ್ಗಿ, ಹತ್ತನೇ ದಿನದ ಸುಮಾರಿಗೆ ಅತಿ ಕೆಳಮಟ್ಟಕ್ಕೆ ಬರುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿ ಮಾಡಬೇಕಾದ ಕೆಲಸವನ್ನೇ ಮಾಡುತ್ತದೆ. ಪಿಟಿಎಚ್ ಏರುತ್ತದೆ.

ಪಿಟಿಎಚ್ ಏರಿದರೆ ಮೂಳೆ ಕರಗಬೇಕಲ್ಲವೇ, ಹಾಗಾದರೆ ಔಷಧದ ಪ್ರಯೋಜನವೇನು ಎಂಬ ಸಂಶಯ ಇಲ್ಲಿ ಸಹಜ. ಪಿಟಿಎಚ್ ತಾನಾಗಿಯೇ ಆಸ್ಟಿಯೊಕ್ಲಾಸ್ಟ್‌ಗೆ ಅಪ್ಪಣೆ ಕೊಡುವುದಿಲ್ಲ. ಅದು ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಮತ್ತು ಮೂಳೆಯೊಳಗೆ ನೆಲೆಸಿರುವ ಆಸ್ಟಿಯೊಸೈಟ್ ಕೋಶಗಳ ಮೂಲಕ ರ್‍ಯಾಂಕ್‌-ಎಲ್ ಅನ್ನು ಹೆಚ್ಚಿಸಿ ಆ ಕೆಲಸ ಮಾಡಿಸುತ್ತದೆ. ಆ ರ್‍ಯಾಂಕ್‌-ಎಲ್ ಅನ್ನು ಔಷಧ ಹಿಡಿದಿಟ್ಟಿರುವುದರಿಂದ ಪಿಟಿಎಚ್ ಎಷ್ಟು ಬಾಗಿಲು ತಟ್ಟಿದರೂ ಮೂಳೆಯ ಕಡೆಯಿಂದ ಓಗೊಡುವವರಿಲ್ಲ. ಉಳಿದ ಎರಡು ದಾರಿಗಳಾದ ಮೂತ್ರಪಿಂಡ ಮತ್ತು ಕರುಳುಗಳಿಂದಲೇ ಅದು ಕ್ಯಾಲ್ಸಿಯಂ ಅನ್ನು ಸರಿದೂಗಿಸಬೇಕು. ಸಾಮಾನ್ಯವಾಗಿ ಸರಿದೂಗಿಸುತ್ತದೆ, ಮೊದಲ ತಿಂಗಳುಗಳಲ್ಲಿ ಏರಿದ ಪಿಟಿಎಚ್ ಮುಂದಿನ ಡೋಸಿನ ಹೊತ್ತಿಗೆ ಮತ್ತೆ ಕೆಳಗಿಳಿಯುತ್ತದೆ. ಈ ತಾತ್ಕಾಲಿಕ ಏರಿಕೆಯೇ ಹೊಸ ಮೂಳೆ ಕಟ್ಟಲು ಸ್ವಲ್ಪ ನೆರವಾಗುತ್ತಿರಬಹುದು ಎಂಬ ಊಹೆಯೂ ಸಂಶೋಧಕರಲ್ಲಿದೆ.

ಇಲ್ಲಿ ನೋಡಬೇಕಾದದ್ದು ಪಿಟಿಎಚ್‌ನ ಜೊತೆಗಿರುವ ಕ್ಯಾಲ್ಸಿಯಂ. ಗ್ರಂಥಿಯೇ ಕೆಟ್ಟು, ಗಡ್ಡೆಯೊಂದು ಬೆಳೆದು ಪಿಟಿಎಚ್ ಸುರಿಯುತ್ತಿದ್ದರೆ ಸಾಮಾನ್ಯವಾಗಿ ರಕ್ತದ ಕ್ಯಾಲ್ಸಿಯಂ ಕೂಡ ಏರಿರುತ್ತದೆ. ಔಷಧಕ್ಕೆ ಗ್ರಂಥಿ ಪ್ರತಿಕ್ರಿಯಿಸುತ್ತಿದ್ದರೆ ಕ್ಯಾಲ್ಸಿಯಂ ಸಹಜ ಮಿತಿಯ ಕೆಳ ಅಂಚಿನಲ್ಲೋ ಅದಕ್ಕಿಂತ ತುಸು ಕೆಳಗೋ ಇರುತ್ತದೆ. ಅಮ್ಮನ ಕ್ಯಾಲ್ಸಿಯಂ 8.7 ಇತ್ತು, ಅಲ್ಬುಮಿನ್, ಮೂತ್ರಪಿಂಡದ ಕೆಲಸ, ವಿಟಮಿನ್ ಡಿ ಎಲ್ಲವೂ ಸರಿಯಿದ್ದವು. ವೈದ್ಯರು ವರದಿಯನ್ನು ನೋಡಿ, ಕುತ್ತಿಗೆಯ ಸ್ಕ್ಯಾನ್ ಬೇಡ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳನ್ನು ತಪ್ಪಿಸಬೇಡಿ, ಮುಂದಿನ ಡೋಸಿಗೆ ಮೊದಲು ಮತ್ತೊಮ್ಮೆ ನೋಡೋಣ ಎಂದರು.

ಮೂತ್ರಪಿಂಡ ಸೋತವರಲ್ಲಿ ಈ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ, ಮತ್ತು ಈ ಮಾತನ್ನು ಒತ್ತಿ ಹೇಳಬೇಕಾದ ಅಗತ್ಯವಿದೆ. ಔಷಧ ಮೂಳೆಯ ದಾರಿಯನ್ನು ಮುಚ್ಚಿದೆ. ಕಾಯಿಲೆಯಿಂದ ಮೂತ್ರಪಿಂಡದ ದಾರಿ ಮುಚ್ಚಿದೆ. ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯಾಲ್ ತಯಾರಾಗದ ಕಾರಣ ಕರುಳಿನ ದಾರಿಯೂ ಕಿರಿದಾಗಿದೆ. ಪಿಟಿಎಚ್ ಎಷ್ಟೇ ಏರಿದರೂ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮುಂದುವರಿದ ಮೂತ್ರಪಿಂಡ ಕಾಯಿಲೆಯವರಲ್ಲಿ, ವಿಶೇಷವಾಗಿ ಡಯಾಲಿಸಿಸ್‌ನಲ್ಲಿರುವವರಲ್ಲಿ, ಈ ಔಷಧದಿಂದ ಕ್ಯಾಲ್ಸಿಯಂ ತೀವ್ರವಾಗಿ ಇಳಿಯಬಹುದೆಂಬ ಅತ್ಯುನ್ನತ ಮಟ್ಟದ ಎಚ್ಚರಿಕೆಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಜನವರಿಯಲ್ಲಿ ಔಷಧದ ಮಾಹಿತಿಪತ್ರಕ್ಕೆ ಸೇರಿಸಿತು.

ಬಿಸ್ಫಾಸ್ಫೊನೇಟ್ ಎಂಬ ಇನ್ನೊಂದು ಗುಂಪಿನ ಮೂಳೆ ಔಷಧಗಳಲ್ಲಿಯೂ ಇದೇ ಪ್ರತಿಕ್ರಿಯೆ ನಡೆಯುತ್ತದೆ, ಆದರೆ ಹೆಚ್ಚು ಮೆಲುವಾಗಿ. ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆಯಿಂದ ಪಿಟಿಎಚ್‌ನ ಏರಿಕೆ ಸಣ್ಣದು. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಮ್ಲದಿಂದ, ಅದರಲ್ಲೂ ಮೊದಲ ದಿನಗಳಲ್ಲಿ, ಅದು ಎದ್ದು ಕಾಣುತ್ತದೆ. ಈ ಔಷಧಗಳು ಮೂಳೆಯ ಖನಿಜಕ್ಕೇ ಅಂಟಿಕೊಂಡು, ಅದನ್ನು ಕರಗಿಸಲು ಬಂದ ಆಸ್ಟಿಯೊಕ್ಲಾಸ್ಟಿನ ಒಳಹೊಕ್ಕು ಅದರ ಶಕ್ತಿ ಕುಂದಿಸುತ್ತವೆ. ವಿಟಮಿನ್ ಡಿ ಕೊರತೆಯಿದ್ದವರಿಗೆ ಇವನ್ನು ಹಾಗೆಯೇ ಕೊಟ್ಟರೆ, ಕೊರತೆಯಿಂದ ಆಗಲೇ ಏರಿರುವ ಪಿಟಿಎಚ್ ಇನ್ನಷ್ಟು ಏರಿ, ಕ್ಯಾಲ್ಸಿಯಂ ಕುಸಿದು, ಕೈಕಾಲು ಜೋಮು ಹಿಡಿದು ಸ್ನಾಯುಗಳು ಸೆಟೆದುಕೊಳ್ಳಬಹುದು. ಮೂಳೆಯ ಔಷಧಕ್ಕೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಏಕೆ ಎಂದು ಬೇಸರಪಡುವವರಿಗೆ ಇದೇ ಕಾರಣ. ವಿಟಮಿನ್ ಡಿಯನ್ನು ನಾವು ಪೋಷಕಾಂಶವೆಂದು ಕರೆದರೂ ಅದು ಹಾರ್ಮೋನಿನ ಕಚ್ಚಾವಸ್ತು. ಅದರ ಮಟ್ಟ ಸರಿಹೋದಂತೆ ಪಿಟಿಎಚ್ ಇಳಿಯುತ್ತದೆ.

ಇದಕ್ಕಿಂತ ನನಗೆ ಸದಾ ವಿಸ್ಮಯವೆನಿಸುವುದು ಟೆರಿಪ್ಯಾರಟೈಡ್. ಇಷ್ಟು ಹೊತ್ತು ಪಿಟಿಎಚ್ ಮೂಳೆ ಕರಗಿಸುತ್ತದೆ ಎಂದೆ. ಈ ಔಷಧವಾದರೋ ಪಿಟಿಎಚ್‌ನದೇ ತುಣುಕು. 84 ಅಮೈನೊ ಆಮ್ಲಗಳ ಆ ಹಾರ್ಮೋನಿನಲ್ಲಿ ಮೊದಲ 34ನ್ನು ಮಾತ್ರ ತಯಾರಿಸಿ, ದಿನಕ್ಕೊಮ್ಮೆ 20 ಮೈಕ್ರೊಗ್ರಾಂನಂತೆ ಚುಚ್ಚಿಕೊಂಡರೆ ಮೂಳೆ ಬೆಳೆಯುತ್ತದೆ. ಪ್ಯಾರಾಥೈರಾಯ್ಡ್ ಸಾರವನ್ನು ಇಲಿಗಳಿಗೆ ಕೊಟ್ಟಾಗ ಮೂಳೆ ದಟ್ಟವಾದುದನ್ನು 1929ರಲ್ಲಿ ಬಾಯರ್, ಆಬ್, ಆಲ್‌ಬ್ರೈಟ್ ಅವರೂ 1932ರಲ್ಲಿ ಹಾನ್ಸ್ ಸೆಲ್ಯೆ ಅವರೂ ವರದಿ ಮಾಡಿದ್ದರು. ಆ ಅವಲೋಕನ ಔಷಧವಾಗಿ ಒಪ್ಪಿಗೆ ಪಡೆದದ್ದು 2002ರಲ್ಲಿ, ಅಂದರೆ ಏಳು ದಶಕಗಳ ನಂತರ.

ವ್ಯತ್ಯಾಸವಿರುವುದು ಹಾರ್ಮೋನು ರಕ್ತದಲ್ಲಿ ಉಳಿಯುವ ಅವಧಿಯಲ್ಲಿ. ಗ್ರಂಥಿಯ ಗಡ್ಡೆಯಿಂದ ಪಿಟಿಎಚ್ ಹಗಲೂ ರಾತ್ರಿ ಏರಿಯೇ ಇದ್ದರೆ ರ್‍ಯಾಂಕ್‌-ಎಲ್ ಹೆಚ್ಚಿ, ಅದನ್ನು ತಡೆಯುವ ಆಸ್ಟಿಯೊಪ್ರೊಟೆಗೆರಿನ್ ತಗ್ಗಿ, ಮೂಳೆಯ ಹೊರಕವಚ ತೆಳುವಾಗುತ್ತದೆ. ಚುಚ್ಚುಮದ್ದಿನ ಟೆರಿಪ್ಯಾರಟೈಡ್ ಸುಮಾರು ಅರ್ಧ ಗಂಟೆಯಲ್ಲಿ ರಕ್ತದಲ್ಲಿ ಶಿಖರ ಮುಟ್ಟಿ, ಕೆಲವೇ ಗಂಟೆಗಳಲ್ಲಿ ಇಲ್ಲವಾಗುತ್ತದೆ. ಅಷ್ಟು ಚಿಕ್ಕ ಅವಧಿಯ ಸಂದೇಶ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್‌ಗಳನ್ನು ಎಬ್ಬಿಸುತ್ತದೆ, ಅವುಗಳ ಆಯಸ್ಸನ್ನು ಹೆಚ್ಚಿಸುತ್ತದೆ, ಮೂಳೆ ಕಟ್ಟುವಿಕೆಗೆ ಕಡಿವಾಣ ಹಾಕುವ ಸ್ಕ್ಲೆರೊಸ್ಟಿನ್ ಪ್ರೋಟೀನನ್ನು ತಗ್ಗಿಸುತ್ತದೆ. ಕರಗುವಿಕೆಯೂ ಏರುತ್ತದೆ, ಆದರೆ ತಡವಾಗಿ. ಆ ನಡುವಿನ ತಿಂಗಳುಗಳಲ್ಲಿಯೇ ಮೂಳೆ ಹೆಚ್ಚು ಲಾಭ ಪಡೆಯುತ್ತದೆ.

ಈ ಔಷಧದ ಮೇಲಿರುವವರ ರಕ್ತಪರೀಕ್ಷೆ ಅಮ್ಮನದಕ್ಕಿಂತ ತದ್ವಿರುದ್ಧವಾಗಿರುತ್ತದೆ. ಚುಚ್ಚಿಕೊಂಡ ನಾಲ್ಕರಿಂದ ಆರು ಗಂಟೆಗಳ ನಡುವೆ ಕ್ಯಾಲ್ಸಿಯಂ ಸ್ವಲ್ಪ ಏರಿ ಮರುದಿನದ ಹೊತ್ತಿಗೆ ಮೊದಲಿನಂತಾಗುತ್ತದೆ, ಕ್ಯಾಲ್ಸಿಟ್ರಿಯಾಲ್ ಏರುತ್ತದೆ, ಹೊರಗಿನಿಂದ ಬಂದ ಹಾರ್ಮೋನನ್ನು ಕಂಡು ದೇಹದ ಸ್ವಂತ ಪಿಟಿಎಚ್ ತಗ್ಗುತ್ತದೆ. ಸಾಮಾನ್ಯ ಪ್ರಯೋಗಾಲಯಗಳಲ್ಲಿ ಮಾಡುವ ಪಿಟಿಎಚ್ ಪರೀಕ್ಷೆ ಹಾರ್ಮೋನಿನ ಎರಡೂ ತುದಿಗಳನ್ನು ಹಿಡಿಯುವ ವಿಧಾನವಾದ್ದರಿಂದ, 34 ಅಮೈನೊ ಆಮ್ಲಗಳ ತುಣುಕನ್ನು ಅದು ಗುರುತಿಸುವುದೇ ಇಲ್ಲ. ಹೀಗಾಗಿ ದಿನವೂ ಪಿಟಿಎಚ್ ಚುಚ್ಚಿಕೊಳ್ಳುವವರ ವರದಿಯಲ್ಲಿ ಪಿಟಿಎಚ್ ಕಡಿಮೆ ಎಂದು ಬರಬಹುದು. ಔಷಧದ ಹೆಸರನ್ನು ಬರೆಯದೆ ರಕ್ತ ಕೊಟ್ಟರೆ ಅಂಥ ವರದಿಯನ್ನು ಅರ್ಥ ಮಾಡಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಸ್ಕ್ಲೆರೊಸ್ಟಿನ್ ಅನ್ನೇ ನೇರವಾಗಿ ತಡೆಯುವ ರೊಮೊಸೊಝುಮ್ಯಾಬ್ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸ್ಕ್ಲೆರೊಸ್ಟಿನ್ ಹುಟ್ಟಿನಿಂದಲೇ ಇಲ್ಲದ ಅಪರೂಪದ ಆನುವಂಶಿಕ ಕಾಯಿಲೆಯವರಲ್ಲಿ ಮೂಳೆ ಅಸಾಧಾರಣವಾಗಿ ದಟ್ಟವಾಗಿರುವುದೇ ಈ ಔಷಧದ ಕಲ್ಪನೆಗೆ ಮೂಲ. ತಿಂಗಳಿಗೊಮ್ಮೆ 210 ಮಿಲಿಗ್ರಾಂ, ಹನ್ನೆರಡು ತಿಂಗಳು ಮಾತ್ರ. ಮೂಳೆ ಕಟ್ಟುವಿಕೆಯ ಸೂಚಕ ಎರಡೇ ವಾರಗಳಲ್ಲಿ ಶಿಖರ ಮುಟ್ಟಿ, ಒಂಬತ್ತನೇ ತಿಂಗಳ ಸುಮಾರಿಗೆ ಹಿಂದಿನ ಮಟ್ಟಕ್ಕೆ ಇಳಿಯುತ್ತದೆ. ಒಂದು ಕಡಿವಾಣವನ್ನು ತೆಗೆದಾಗ ದೇಹ ಬೇರೆ ಕಡಿವಾಣಗಳನ್ನು ಬಿಗಿ ಮಾಡುತ್ತದೆ ಎಂಬುದನ್ನು ಪ್ರಾಣಿಗಳ ಅಧ್ಯಯನಗಳು ಸೂಚಿಸಿವೆ. ಹೊಸ ಮೂಳೆಗೆ ಕ್ಯಾಲ್ಸಿಯಂ ಬೇಕಾಗುವುದರಿಂದ ಇಲ್ಲಿಯೂ ರಕ್ತದ ಕ್ಯಾಲ್ಸಿಯಂ ತುಸು ಇಳಿದು ಪಿಟಿಎಚ್ ಏರುತ್ತದೆ. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ವರ್ಷ ತುಂಬದವರಿಗೆ ಇದನ್ನು ಆರಂಭಿಸಬಾರದೆಂಬ ಎಚ್ಚರಿಕೆಯಿದೆ.

ಈಸ್ಟ್ರೋಜನ್‌ನ ಚಿಕಿತ್ಸೆಯ ಕಥೆ ಎಲ್ಲಕ್ಕಿಂತ ಹಳೆಯದು. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದಕ್ಕೂ ಈಸ್ಟ್ರೋಜನ್ ಇಳಿಯುವುದಕ್ಕೂ ಇರುವ ಸಂಬಂಧವನ್ನು ಫುಲರ್ ಆಲ್‌ಬ್ರೈಟ್ 1940ರ ಆಸುಪಾಸಿನಲ್ಲೇ ವಿವರಿಸಿದ್ದರು. ಈಸ್ಟ್ರೋಜನ್ ರ್‍ಯಾಂಕ್‌-ಎಲ್ ಅನ್ನು ಹದ್ದುಬಸ್ತಿನಲ್ಲಿಡುತ್ತದೆ. ಅದು ಇಳಿದಾಗ ಮೂಳೆ ಕರಗಿ, ಕ್ಯಾಲ್ಸಿಯಂ ರಕ್ತಕ್ಕೆ ಹರಿದು, ಪಿಟಿಎಚ್ ಸ್ವಲ್ಪ ಅಡಗಿ, ಕ್ಯಾಲ್ಸಿಟ್ರಿಯಾಲ್ ತಗ್ಗಿ, ಕರುಳು ಹೀರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಹಾರ್ಮೋನು ಚಿಕಿತ್ಸೆ ಈ ಸರಪಳಿಯನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. 16,608 ಮಹಿಳೆಯರು ಪಾಲ್ಗೊಂಡು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಗಳ ಅಪಾಯ ಹೆಚ್ಚಿದ್ದನ್ನು ಎಲ್ಲರೂ ನೆನಪಿಡುತ್ತಾರೆ. ಸೊಂಟದ ಮುರಿತ ಸುಮಾರು ಮೂರನೇ ಒಂದರಷ್ಟು ಕಡಿಮೆಯಾದದ್ದು ಕೂಡ ಅದೇ ಅಧ್ಯಯನದಲ್ಲಿ. ಬಾಯಿಯ ಮೂಲಕ ಸೇವಿಸುವ ಈಸ್ಟ್ರೋಜನ್ ಯಕೃತ್ತಿನಲ್ಲಿ ಹಾರ್ಮೋನುಗಳನ್ನು ಹೊತ್ತೊಯ್ಯುವ ಪ್ರೋಟೀನುಗಳನ್ನು ಹೆಚ್ಚಿಸುವುದರಿಂದ ಥೈರಾಯ್ಡ್ ಮಾತ್ರೆ ಸೇವಿಸುವವರ ಡೋಸ್ ಬದಲಾಗಬೇಕಾಗಬಹುದು. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. ರಲಾಕ್ಸಿಫೀನ್ ಎಂಬ ಔಷಧ ಮೂಳೆಯಲ್ಲಿ ಈಸ್ಟ್ರೋಜನ್‌ನಂತೆ, ಸ್ತನದಲ್ಲಿ ಅದರ ವಿರೋಧಿಯಂತೆ ವರ್ತಿಸುತ್ತದೆ. ಬೆನ್ನುಮೂಳೆಯ ಮುರಿತವನ್ನು ತಗ್ಗಿಸಿದರೂ ಸೊಂಟದ ಮುರಿತವನ್ನು ತಗ್ಗಿಸಿದ್ದು ಸಾಬೀತಾಗಿಲ್ಲ.

ಗಂಡಸರ ಮೂಳೆಗೂ ಈಸ್ಟ್ರೋಜನ್ ಬೇಕು ಎಂಬುದು ಖಚಿತವಾದದ್ದು 1994ರಲ್ಲಿ, ಈಸ್ಟ್ರೋಜನ್ ಗ್ರಾಹಕವೇ ಕೆಲಸ ಮಾಡದ ಯುವಕನೊಬ್ಬನ ಟೊಳ್ಳು ಮೂಳೆಗಳ ವರದಿ ಪ್ರಕಟವಾದಾಗ. ಟೆಸ್ಟೊಸ್ಟೆರಾನ್ ಕಡಿಮೆಯಿದ್ದ ಪುರುಷರಿಗೆ ಅದನ್ನು ಕೊಟ್ಟರೆ ಮೂಳೆಸಾಂದ್ರತೆ ಹೆಚ್ಚುತ್ತದೆ, ಆದ್ದರಿಂದ ಮುರಿತವೂ ಕಡಿಮೆಯಾಗಬೇಕು ಎಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದ ಫಲಿತಾಂಶದಲ್ಲಿ ಟೆಸ್ಟೊಸ್ಟೆರಾನ್ ಪಡೆದವರಲ್ಲಿಯೇ ಮುರಿತಗಳು ಹೆಚ್ಚಾಗಿದ್ದವು. ಅಂದಿನಿಂದ ಆ ಪಾಠವನ್ನು ತಿದ್ದಿಕೊಂಡಿದ್ದೇನೆ.

ಮೂಳೆ ಕರಗುವಿಕೆಯನ್ನು ತಡೆಯುವ ಹಾರ್ಮೋನಾದ ಕ್ಯಾಲ್ಸಿಟೋನಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಮನುಷ್ಯರದಕ್ಕಿಂತ ಪ್ರಬಲವೆಂದು ಮೂಗಿನ ಸ್ಪ್ರೇಯಾಗಿ ಬಹುಕಾಲ ಬಳಕೆಯಲ್ಲಿತ್ತು. ಕ್ಯಾನ್ಸರ್ ಅಪಾಯ ತುಸು ಹೆಚ್ಚಬಹುದೆಂದು 2012ರಲ್ಲಿ ಯುರೋಪಿನ ಔಷಧ ಸಂಸ್ಥೆ ಆಸ್ಟಿಯೊಪೊರೋಸಿಸ್‌ಗೆ ಅದರ ಬಳಕೆ ಬೇಡವೆಂದಿತು.

ಮೂಳೆಯೂ ಹಾರ್ಮೋನು ಸ್ರವಿಸುತ್ತದೆ ಎಂಬ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ಆಸ್ಟಿಯೊಸೈಟ್‌ಗಳಿಂದ ಬರುವ ಎಫ್‌ಜಿಎಫ್‌-23 ಮೂತ್ರಪಿಂಡಕ್ಕೆ ಫಾಸ್ಫೇಟನ್ನು ಹೊರಗೆ ಬಿಡುವಂತೆಯೂ ಕ್ಯಾಲ್ಸಿಟ್ರಿಯಾಲನ್ನು ತಗ್ಗಿಸುವಂತೆಯೂ ಹೇಳುತ್ತದೆ. ಆಸ್ಟಿಯೊಬ್ಲಾಸ್ಟ್‌ಗಳಿಂದ ಬರುವ ಆಸ್ಟಿಯೊಕ್ಯಾಲ್ಸಿನ್ ಸಕ್ಕರೆಯ ಚಯಾಪಚಯಕ್ಕೆ ನೆರವಾಗುತ್ತದೆ ಎಂದು 2007ರಲ್ಲಿ ಇಲಿಗಳಲ್ಲಿ ಕಂಡುಬಂದಿತ್ತು. ಮೂಳೆಯ ಚಟುವಟಿಕೆಯನ್ನು ನಿಧಾನಗೊಳಿಸುವ ಔಷಧಗಳು ಆಸ್ಟಿಯೊಕ್ಯಾಲ್ಸಿನ್ ಅನ್ನೂ ತಗ್ಗಿಸುವುದರಿಂದ ಮಧುಮೇಹ ಬರಬಹುದೇ ಎಂಬ ಭಯ ಹುಟ್ಟಿತು. ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ, ಡೆನೊಸುಮ್ಯಾಬ್‌ಗಳ ಮೂರು ದೊಡ್ಡ ಪ್ರಯೋಗಗಳ ದತ್ತಾಂಶವನ್ನು 2013ರಲ್ಲಿ ಮರುಪರಿಶೀಲಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ಮಧುಮೇಹದ ಭಯದಿಂದ ಮೂಳೆಯ ಔಷಧ ಬಿಡುವ ಕಾರಣವಿಲ್ಲ.

ಈ ಹಾರ್ಮೋನುಗಳ ಉತ್ತರವನ್ನು ತಿಳಿದರೆ ಔಷಧಗಳ ಅನುಕ್ರಮವೂ ಏಕೆ ಮುಖ್ಯವೆಂಬುದು ಅರ್ಥವಾಗುತ್ತದೆ. ಪಿಟಿಎಚ್ ಮತ್ತು ಅಲೆಂಡ್ರೊನೇಟ್ ಒಟ್ಟಿಗೆ ಕೊಟ್ಟರೆ ಲಾಭ ಇಮ್ಮಡಿಯಾಗುವ ಬದಲು ಪಿಟಿಎಚ್‌ನ ಕಟ್ಟುವ ಶಕ್ತಿಯೇ ಕುಂದುತ್ತದೆ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಟೆರಿಪ್ಯಾರಟೈಡ್ ಮುಗಿಸಿ ಡೆನೊಸುಮ್ಯಾಬ್‌ಗೆ ಹೋದವರ ಮೂಳೆ ಬೆಳೆಯುತ್ತಲೇ ಹೋಯಿತು. ಡೆನೊಸುಮ್ಯಾಬ್ ಬಿಟ್ಟು ಟೆರಿಪ್ಯಾರಟೈಡ್‌ಗೆ ಬಂದವರಲ್ಲಿ ಮೂಳೆ ಮೊದಲು ನಷ್ಟವಾಯಿತು, ಏಕೆಂದರೆ ಅದುಮಿಟ್ಟಿದ್ದ ಆಸ್ಟಿಯೊಕ್ಲಾಸ್ಟ್‌ಗಳು ಎದ್ದೇಳುವ ಹೊತ್ತಿಗೇ ಪಿಟಿಎಚ್‌ನ ಉತ್ತೇಜನವೂ ಸಿಕ್ಕಿತ್ತು. ಬಿಸ್ಫಾಸ್ಫೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಡೆನೊಸುಮ್ಯಾಬ್ ಹಾಗೆ ಉಳಿಯುವುದಿಲ್ಲ. ಆರು ತಿಂಗಳು ದಾಟಿ ಮುಂದಿನ ಡೋಸ್ ತಡವಾದರೆ ಕರಗುವಿಕೆ ಚಿಕಿತ್ಸೆಗೆ ಮುಂಚಿನ ಮಟ್ಟವನ್ನೂ ಮೀರಿ ಚಿಮ್ಮಬಹುದು, ಒಂದಲ್ಲ ಹಲವು ಕಶೇರುಗಳು ಕುಸಿಯಬಹುದು. ಡೆನೊಸುಮ್ಯಾಬ್ ನಿಲ್ಲಿಸಲೇಬೇಕಾದರೆ ಬೇರೊಂದು ಔಷಧ, ಸಾಮಾನ್ಯವಾಗಿ ಬಿಸ್ಫಾಸ್ಫೊನೇಟ್, ಆ ಜಾಗಕ್ಕೆ ಬರಬೇಕು. ಮೊದಲ ದಿನವೇ ರೋಗಿಗೆ ಹೇಳಬೇಕಾದ ಈ ಮಾತನ್ನು ಎಷ್ಟೋ ಸಲ ಯಾರೂ ಹೇಳಿರುವುದಿಲ್ಲ ಎಂಬುದು ನನ್ನ ನಿಜವಾದ ಕಳವಳ.

ಪರೀಕ್ಷೆ ಮಾಡಿಸುವವರಿಗೆ ಇನ್ನೊಂದು ಮಾತು. ಕೂದಲು ಉಗುರುಗಳಿಗೆಂದು ಸೇವಿಸುವ ಹೆಚ್ಚಿನ ಡೋಸಿನ ಬಯೋಟಿನ್ ಹಲವು ಯಂತ್ರಗಳಲ್ಲಿ ಪಿಟಿಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸಬಲ್ಲದು. ಅದನ್ನು ಸೇವಿಸುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು.

ಎರಡನೇ ಡೋಸಿಗೆ ಒಂದು ವಾರ ಮೊದಲು ಅಮ್ಮನ ರಕ್ತಪರೀಕ್ಷೆ ಮತ್ತೆ ಆಯಿತು. ಈ ಬಾರಿ ಚೀಟಿಯ ಮೇಲೆ ಔಷಧದ ಹೆಸರನ್ನೂ ಹಿಂದಿನ ಚುಚ್ಚುಮದ್ದಿನ ದಿನಾಂಕವನ್ನೂ ನಾನೇ ಬರೆದೆ. ಕ್ಯಾಲ್ಸಿಯಂ 9.2, ಪಿಟಿಎಚ್ 57. ಅಮ್ಮ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಹಾಗಾದರೆ ಈಗ ಚುಚ್ಚಿದರೆ ಮತ್ತೆ ಏರುತ್ತದೆ, ಅಲ್ಲವೇ?" ಎಂದಳು. ಏರುತ್ತದೆ ಎಂದೆ. ಚುಚ್ಚುಮದ್ದು ನಿಗದಿಯಾದ ದಿನವೇ ಆಯಿತು, ಮುಂದಿನದರ ದಿನಾಂಕವನ್ನು ಅಮ್ಮ ತನ್ನ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಾಳೆ.